ತಿಳಿವಿನ ನೆನಪು, ರೂಢಿಯ ನೆನಪು

ಮುಪ್ಪಿನಲ್ಲಿ ಮರವೆಗೆ ಒಳಗಾದ ಹಿರಿಯರಿರುವ ಮನೆಗಳಲ್ಲಿ ಒಂದು ನೋಟ ಅಪರೂಪವೇನಲ್ಲ. ಹೆತ್ತ ಮಗನನ್ನೇ "ಯಾರಪ್ಪ ನೀನು, ಯಾವ ಊರು?" ಎಂದು ಕೇಳುವ ತಾಯಿ, ಮುಂದೆ ಹತ್ತಿಯ ಬುಟ್ಟಿಯನ್ನು ತಂದಿಟ್ಟರೆ ಒಂದಿನಿತೂ ತಡವರಿಸದೆ ಬತ್ತಿ ಹೊಸೆಯತೊಡಗುತ್ತಾಳೆ. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ಆಕೆಯ ನೆನಪಿನಲ್ಲಿರುವುದಿಲ್ಲ. ಆದರೆ ಎಲೆಗೆ ಸುಣ್ಣ ಸವರಿ, ಅಡಕೆಯಿಟ್ಟು ಮಡಿಚುವ ಬೆರಳುಗಳಿಗೆ ಯಾವ ಮರವೆಯೂ ಇಲ್ಲ. ಇದನ್ನು ಕಂಡ ಮನೆಯವರಿಗೆ ಸಂಶಯ ಹುಟ್ಟುತ್ತದೆ: "ಬತ್ತಿ ಹೊಸೆಯುವುದನ್ನು ಮರೆಯದವಳಿಗೆ ಮಗನ ಹೆಸರು ಮರೆಯುವುದುಂಟೆ? ಇದೆಲ್ಲ ಬೇಕೆಂದೇ ಆಡುವ ಆಟ." ಈ ಸಂಶಯದಿಂದ ಎಷ್ಟೋ ಮನೆಗಳಲ್ಲಿ ಬಿರುನುಡಿಗಳು ಹೊರಡುತ್ತವೆ, ಕಣ್ಣೀರೂ ಹರಿಯುತ್ತದೆ.

ಈ ಸಂಶಯದ ಬುಡದಲ್ಲಿ ಒಂದು ನಂಬಿಕೆಯಿದೆ. ನೆನಪು ಎಂಬುದು ಒಂದೇ ವಸ್ತು, ಅದು ಕಣಜದಲ್ಲಿ ತುಂಬಿಟ್ಟ ಕಾಳಿನಂತೆ ಒಂದೇ ಕಡೆ ಇರುತ್ತದೆ, ಕಣಜ ಬರಿದಾದರೆ ಎಲ್ಲವೂ ಬರಿದಾಗಬೇಕು, ಇಲ್ಲವೇ ಎಲ್ಲವೂ ಉಳಿಯಬೇಕು ಎಂಬುದೇ ಆ ನಂಬಿಕೆ. ಸಾಮಾನ್ಯ ಜನರಷ್ಟೇ ಅಲ್ಲ, ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಬಹುಮಂದಿ ವಿಜ್ಞಾನಿಗಳೂ ಹೀಗೆಯೇ ಭಾವಿಸಿದ್ದರು. ಈ ಭಾವನೆ ತಪ್ಪೆಂದು ತಿಳಿದುಬಂದದ್ದು ಒಬ್ಬ ಮನುಷ್ಯನ ಬಾಳಿನಲ್ಲಿ ನಡೆದ ದುರಂತದಿಂದ. ಆ ದುರಂತವನ್ನೂ, ಅದರ ಬೆನ್ನುಹತ್ತಿ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ನಡೆದ ಶೋಧನೆಗಳನ್ನೂ ಅರಿತವರಿಗೆ ತಿಳಿವು ಬೇರೆ, ರೂಢಿ ಬೇರೆ ಎಂಬ ಮಾತು ಬರಿಯ ನೀತಿಯಾಗಿ ಕಾಣದು. ಮಿದುಳಿನ ರಚನೆಯಲ್ಲಿಯೇ ಅದಕ್ಕೆ ಆಧಾರವಿದೆಯೆಂಬುದು ಮನದಟ್ಟಾಗುತ್ತದೆ.

ನೆಲೆ ಸಿಕ್ಕದ ನೆನಪು

ಮಿದುಳಿನಲ್ಲಿ ನೆನಪಿನ ನೆಲೆ ಎಲ್ಲಿ ಎಂಬ ಪ್ರಶ್ನೆಯನ್ನು ಹಿಡಿದು ದೀರ್ಘಕಾಲ ದುಡಿದವರಲ್ಲಿ ಅಮೆರಿಕದ ಕಾರ್ಲ್ ಲ್ಯಾಶ್ಲಿ ಪ್ರಮುಖರು. ಇಲಿಗಳಿಗೆ ಸುತ್ತುದಾರಿಯ ಜಟಿಲವ್ಯೂಹವೊಂದರಲ್ಲಿ ಆಹಾರವಿರುವ ಕಡೆಗೆ ಹೋಗುವುದನ್ನು ಅವರು ಕಲಿಸುತ್ತಿದ್ದರು. ಬಳಿಕ ಆ ಇಲಿಗಳ ಮಿದುಳಿನ ಹೊರಪದರದ ಒಂದೊಂದು ಭಾಗವನ್ನು ಕೆಡಿಸಿ, ಯಾವ ಭಾಗ ಹೋದರೆ ಕಲಿತ ದಾರಿ ಮರೆತುಹೋಗುತ್ತದೆಂದು ಪರೀಕ್ಷಿಸುತ್ತಿದ್ದರು. ವರ್ಷಗಟ್ಟಲೆ ಹುಡುಕಿದರೂ ಅಂತಹ ಒಂದು ತಾಣ ಅವರಿಗೆ ದೊರೆಯಲಿಲ್ಲ. ಎಷ್ಟು ಭಾಗ ಹೋಯಿತೆಂಬುದಕ್ಕೆ ತಕ್ಕಂತೆ ಇಲಿ ತಡವರಿಸುತ್ತಿತ್ತೇ ಹೊರತು, ಎಲ್ಲಿಯ ಭಾಗ ಹೋಯಿತೆಂಬುದು ಮುಖ್ಯವಾಗುತ್ತಿರಲಿಲ್ಲ. ೧೯೫೦ರಲ್ಲಿ ಅವರು ತಮ್ಮ ಹುಡುಕಾಟದ ಕಥೆಯನ್ನು ಬರೆದು, ಈ ಸಾಕ್ಷ್ಯಗಳನ್ನೆಲ್ಲ ನೋಡಿದರೆ ಕಲಿಕೆಯೆಂಬುದೇ ಅಸಾಧ್ಯವೆನ್ನಬೇಕಾಗುತ್ತದೆಂದು ಅರ್ಧ ವಿನೋದದಿಂದ, ಅರ್ಧ ನಿರಾಶೆಯಿಂದ ಹೇಳಿದರು. ನೆನಪು ಮಿದುಳಿನಲ್ಲೆಲ್ಲ ಹರಡಿಕೊಂಡಿದೆ, ಅದಕ್ಕೆ ಪ್ರತ್ಯೇಕವಾದ ನೆಲೆಯಿಲ್ಲ ಎಂಬುದು ಆ ಕಾಲದ ಸಾಮಾನ್ಯ ತೀರ್ಮಾನವಾಯಿತು.

ಇಲ್ಲಿ ಒಂದು ದೋಷ ಅಡಗಿತ್ತು. ಸುತ್ತುದಾರಿಯನ್ನು ಇಲಿ ಕಣ್ಣಿನಿಂದ, ಮೂಗಿನಿಂದ, ಮೈಯ ತಿರುವುಗಳಿಂದ, ಹೀಗೆ ಹಲವು ಬಗೆಯಲ್ಲಿ ಕಲಿಯಬಲ್ಲುದು. ಒಂದು ಬಗೆ ಕೆಟ್ಟರೆ ಇನ್ನೊಂದು ಒದಗುತ್ತದೆ. ಪ್ರಶ್ನೆಯನ್ನು "ನೆನಪು ಎಲ್ಲಿದೆ?" ಎಂದು ಕೇಳುವ ಮೊದಲು "ನೆನಪು ಎಷ್ಟು ಬಗೆ?" ಎಂದು ಕೇಳಬೇಕಾಗಿತ್ತು.

ಹಾರ್ಟ್‌ಫರ್ಡ್‌ನ ಶಸ್ತ್ರಕ್ರಿಯೆ

ಹೆನ್ರಿ ಮೊಲೈಸನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ೧೯೨೬ರಲ್ಲಿ ಹುಟ್ಟಿದ. ಬಾಲ್ಯದಲ್ಲಿಯೇ ಆತನಿಗೆ ಅಪಸ್ಮಾರ, ಎಂದರೆ ಮೂರ್ಛೆರೋಗ, ಅಂಟಿಕೊಂಡಿತು. ಹದಿನೈದನೆಯ ವಯಸ್ಸಿನ ಹೊತ್ತಿಗೆ ಮೈಯೆಲ್ಲ ಸೆಟೆದು ಪ್ರಜ್ಞೆ ತಪ್ಪುವ ಉಗ್ರ ಮೂರ್ಛೆಗಳು ಬರತೊಡಗಿದವು. ಔಷಧಗಳು ಫಲಿಸಲಿಲ್ಲ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆತ ಕೊನೆಗೆ ಅದನ್ನೂ ಮಾಡಲಾರದವನಾದ. ೧೯೫೩ರಲ್ಲಿ, ಆತನ ೨೭ನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯ ವಿಲಿಯಂ ಬೀಚರ್ ಸ್ಕೋವಿಲ್ ಒಂದು ಪ್ರಾಯೋಗಿಕ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಕಣ್ಣುಗಳ ಮೇಲ್ಭಾಗದ ಹಣೆಯೆಲುಬಿನಲ್ಲಿ ಎರಡು ರಂಧ್ರಗಳನ್ನು ಕೊರೆದು, ಮಿದುಳಿನ ಎರಡು ಪಾರ್ಶ್ವಗಳಿಂದಲೂ, ಕಿವಿಯ ನೇರಕ್ಕೆ ಒಳಗಡೆ ಇರುವ ಭಾಗಗಳನ್ನು ಹೀರಿ ತೆಗೆದರು. ಹೀಗೆ ಹೋದ ಭಾಗಗಳಲ್ಲಿ ಹಿಪೊಕ್ಯಾಂಪಸ್ ಎಂಬುದರ ಬಹುಪಾಲೂ, ಅದರ ಸುತ್ತಣ ಪದರಗಳೂ, ಅಮಿಗ್ಡಲ ಎಂಬ ಬಾದಾಮಿಯಾಕಾರದ ಗಂಟೂ ಸೇರಿದ್ದವು. ಕಡಲಕುದುರೆ ಎಂಬ ಮೀನಿನಂತೆ ಬಾಗಿರುವುದರಿಂದ ಹಿಪೊಕ್ಯಾಂಪಸ್‌ಗೆ ಆ ಮೀನಿನ ಗ್ರೀಕ್ ಹೆಸರೇ ಬಂದಿದೆ. ಆ ಭಾಗ ಮಾಡುವ ಕೆಲಸವೇನೆಂಬುದು ಅಂದು ಯಾರಿಗೂ ಸ್ಪಷ್ಟವಿರಲಿಲ್ಲ.

ಮೂರ್ಛೆಗಳು ಬಹುಮಟ್ಟಿಗೆ ತಗ್ಗಿದವು. ಬುದ್ಧಿಶಕ್ತಿ ಕುಗ್ಗಲಿಲ್ಲ, ಮಾತು, ವಿನಯ, ಹಾಸ್ಯಪ್ರವೃತ್ತಿ ಎಲ್ಲವೂ ಮೊದಲಿನಂತೆಯೇ ಇದ್ದವು. ಆದರೆ ಶಸ್ತ್ರಕ್ರಿಯೆಯ ಬಳಿಕ ನಡೆದ ಯಾವ ಸಂಗತಿಯೂ ಆತನಲ್ಲಿ ನೆಲೆನಿಲ್ಲಲಿಲ್ಲ. ಮನೆಯವರು ಬೇರೆ ಮನೆಗೆ ಬಂದು ಹತ್ತು ತಿಂಗಳಾದರೂ ಹೊಸ ವಿಳಾಸ ಆತನಿಗೆ ತಿಳಿಯದು. ಹಿಂದಿನ ದಿನ ತಾನೇ ಹುಲ್ಲು ಕತ್ತರಿಸಿದ ಯಂತ್ರವನ್ನು ಎಲ್ಲಿಟ್ಟಿದೆಯೆಂದು ಹೇಳಲಾರ. ಒಂದೇ ಪತ್ರಿಕೆಯನ್ನು ಮತ್ತೆ ಮತ್ತೆ ಓದುತ್ತಿದ್ದ, ಪ್ರತಿ ಸಲವೂ ಅದು ಹೊಸದೇ. ಬಾಲ್ಯದ ನೆನಪುಗಳು ಉಳಿದಿದ್ದವು. ಶಸ್ತ್ರಕ್ರಿಯೆಗೆ ಹಿಂದಿನ ಕೆಲವು ವರ್ಷಗಳ ನೆನಪು ಮಾತ್ರ ಮಸುಕಾಗಿತ್ತು. ೧೯೫೩ರ ಮುಂದಕ್ಕೆ ಆತನ ಬಾಳಿನ ಕಥೆಗೆ ಪುಟಗಳೇ ಸೇರಲಿಲ್ಲ.

ಹದಿನೈದು ನಿಮಿಷ ಉಳಿದ ಸಂಖ್ಯೆ

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಇದೇ ಬಗೆಯ ಮರವೆಯನ್ನು ಇಬ್ಬರು ರೋಗಿಗಳಲ್ಲಿ ಗಮನಿಸಿದ್ದರು. ಅವರ ವರದಿಯನ್ನು ಕಂಡ ಸ್ಕೋವಿಲ್, ತಮ್ಮ ರೋಗಿಯನ್ನು ಪರೀಕ್ಷಿಸಲು ಅವರನ್ನು ಕರೆಸಿದರು. ೧೯೫೫ರ ಏಪ್ರಿಲ್‌ನಲ್ಲಿ ಮಿಲ್ನರ್ ಹೆನ್ರಿಯನ್ನು ಭೇಟಿಯಾದಾಗ, ಅಂದಿನ ದಿನಾಂಕವನ್ನು ಆತ ೧೯೫೩ರ ಮಾರ್ಚ್ ಎಂದೂ, ತನ್ನ ವಯಸ್ಸನ್ನು ೨೭ ಎಂದೂ ಹೇಳಿದ. ಇಬ್ಬರೂ ಕೂಡಿ ೧೯೫೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆತನ ಖಾಸಗಿತನವನ್ನು ಕಾಯಲೆಂದು ಹೆಸರಿನ ಬದಲಿಗೆ ಎಚ್.ಎಂ. ಎಂಬ ಎರಡು ಅಕ್ಷರಗಳನ್ನಷ್ಟೇ ಬಳಸಿದರು. ಮುಂದೆ ಅರ್ಧ ಶತಮಾನ ಕಾಲ ಜಗತ್ತು ಆತನನ್ನು ಆ ಎರಡು ಅಕ್ಷರಗಳಿಂದಲೇ ಬಲ್ಲದು. ಎರಡು ಪಾರ್ಶ್ವಗಳಲ್ಲಿಯೂ ಈ ಶಸ್ತ್ರಕ್ರಿಯೆಯನ್ನು ಮಾಡುವುದರ ಅಪಾಯವನ್ನು ಅದೇ ಲೇಖನ ವೈದ್ಯಲೋಕಕ್ಕೆ ಸಾರಿ ಹೇಳಿತು.

ಮಿಲ್ನರ್ ನಡೆಸಿದ ಒಂದು ಸರಳ ಪರೀಕ್ಷೆ ಈ ಮರವೆಯ ಸ್ವರೂಪವನ್ನು ಬಯಲಿಗೆ ತಂದಿತು. ೫೮೪ ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿ ಅವರು ಹೊರಗೆ ಹೋದರು. ಹದಿನೈದು ನಿಮಿಷಗಳ ಬಳಿಕ ಬಂದು ಕೇಳಿದಾಗ ಹೆನ್ರಿ ಅದನ್ನು ತಪ್ಪಿಲ್ಲದೆ ಹೇಳಿದ. ಹೇಗೆ ಸಾಧ್ಯವಾಯಿತೆಂದರೆ, ಐದು, ಎಂಟು, ನಾಲ್ಕನ್ನು ಕೂಡಿದರೆ ಹದಿನೇಳು. ಎಂಟನ್ನು ಕಳೆದರೆ ಒಂಬತ್ತು. ಒಂಬತ್ತನ್ನು ಒಡೆದರೆ ಐದು ಮತ್ತು ನಾಲ್ಕು ಎಂದು ಅಷ್ಟೂ ಹೊತ್ತು ಮನಸ್ಸಿನಲ್ಲಿಯೇ ಲೆಕ್ಕ ತಿರುವುತ್ತಿದ್ದುದಾಗಿ ವಿವರಿಸಿದ. ಗಮನ ಬೇರೆ ಕಡೆಗೆ ಹೊರಳಿದ ನಿಮಿಷದೊಳಗೆ ಸಂಖ್ಯೆಯೂ ಹೋಯಿತು, ಸಂಖ್ಯೆಯೊಂದನ್ನು ನೆನಪಿಡಬೇಕಾಗಿತ್ತೆಂಬುದೂ ಹೋಯಿತು.

ಇದರಿಂದ ಮೊದಲನೆಯ ವಿಂಗಡಣೆ ಸ್ಪಷ್ಟವಾಯಿತು. ಈ ಕ್ಷಣದ ಗಮನದಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು ಬೇರೆ, ಕಾಲಾಂತರದಲ್ಲಿ ಉಳಿಯುವ ನೆನಪು ಬೇರೆ. ಬೊಗಸೆಯ ನೀರು ಕೊಡಕ್ಕೆ ಸೇರಬೇಕಾದರೆ ನಡುವೆ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳಲ್ಲಿದೆ. ಬಾಲ್ಯದ ನೆನಪುಗಳು ಉಳಿದುಕೊಂಡದ್ದರಿಂದ, ಹಳೆಯ ನೆನಪುಗಳು ಬಹಳಷ್ಟು ಮಟ್ಟಿಗೆ ಮಿದುಳಿನ ಬೇರೆ ಭಾಗಗಳಲ್ಲಿ ನೆಲೆಸಿರಬೇಕೆಂಬುದೂ ತಿಳಿಯಿತು.

ಕನ್ನಡಿಯೊಳಗಿನ ನಕ್ಷತ್ರ

ಇನ್ನೂ ಆಳವಾದ ವಿಂಗಡಣೆ ೧೯೬೨ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಿಂದ ಗೊತ್ತಾಯಿತು. ಕಾಗದದ ಮೇಲೆ ಜೋಡಿ ಗೆರೆಗಳಿಂದ ಒಂದು ನಕ್ಷತ್ರವನ್ನು ಬರೆದಿರುತ್ತದೆ. ಆ ಎರಡು ಗೆರೆಗಳ ನಡುವೆಯೇ ಪೆನ್ಸಿಲ್ಲನ್ನು ಸಾಗಿಸಬೇಕು. ಆದರೆ ಕೈಯನ್ನಾಗಲಿ ಕಾಗದವನ್ನಾಗಲಿ ನೇರವಾಗಿ ನೋಡುವಂತಿಲ್ಲ. ಎದುರಿಗಿರುವ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡಬೇಕು. ಮುಂದಕ್ಕೆ ಸರಿಸಿದ ಕೈ ಹಿಂದಕ್ಕೆ ಬಂದಂತೆ ತೋರುವುದರಿಂದ, ಮೊದಲ ಪ್ರಯತ್ನಗಳಲ್ಲಿ ಯಾರೇ ಆದರೂ ಮೂಲೆ ಮೂಲೆಯಲ್ಲಿಯೂ ಎಡವುತ್ತಾರೆ. ಹಲವು ಸಲ ಮಾಡಿದ ಮೇಲೆ ಕೈ ಪಳಗುತ್ತದೆ.

ಹೆನ್ರಿ ಇದನ್ನು ದಿನಕ್ಕೆ ಹತ್ತು ಸಲದಂತೆ ಮೂರು ದಿನ ಮಾಡಿದ. ಮೊದಲ ದಿನವೇ ಆತನ ತಪ್ಪುಗಳು ಒಂದೊಂದಾಗಿ ಇಳಿದವು. ಎರಡನೆಯ ದಿನ ಆತ ಮೊದಲಿನಿಂದ ಆರಂಭಿಸಲಿಲ್ಲ. ಹಿಂದಿನ ದಿನ ಮುಟ್ಟಿದ್ದ ಮಟ್ಟದ ಹತ್ತಿರದಿಂದಲೇ ಮುಂದುವರಿದ. ಮೂರನೆಯ ದಿನ ಗೆರೆ ಬಹುತೇಕ ನಿರ್ದೋಷವಾಗಿತ್ತು. ಆದರೆ ಪ್ರತಿ ದಿನವೂ ಆ ಕನ್ನಡಿ, ಆ ನಕ್ಷತ್ರ, ಆ ಪರೀಕ್ಷೆ ಆತನಿಗೆ ಹೊಚ್ಚ ಹೊಸದು. ಇಷ್ಟು ಕಷ್ಟದ ಕೆಲಸ ಇಷ್ಟು ಸುಲಭವಾಗಿ ಕೈಗೂಡಿತಲ್ಲ ಎಂದು ಆತನೇ ಅಚ್ಚರಿಪಟ್ಟ. ಕೈ ಕಲಿತಿತ್ತು, ಕಲಿತೆನೆಂಬುದನ್ನು ಆತ ಅರಿಯ.

ಮಿದುಳಿನ ಅಧ್ಯಯನದ ಇತಿಹಾಸದಲ್ಲಿ ಈ ಗೆರೆ ಒಂದು ಗಡಿರೇಖೆ. ಇಂಥದು ನಡೆಯಿತು, ಇಂಥವರನ್ನು ಕಂಡೆ, ಇಂಥ ಮಾತನ್ನು ಕೇಳಿದೆ ಎಂದು ಹೇಳಿಕೊಳ್ಳಬಲ್ಲ ನೆನಪು ಒಂದು ಬಗೆ. ಇದನ್ನು ತಿಳಿವಿನ ನೆನಪು ಎನ್ನಬಹುದು. ಮಾಡಿ ಮಾಡಿ ಮೈಗೂಡುವ, ಮಾತಿಗೆ ಸಿಲುಕದ ನೆನಪು ಇನ್ನೊಂದು ಬಗೆ. ಇದು ರೂಢಿಯ ನೆನಪು. ಮೊದಲನೆಯದಕ್ಕೆ ಹಿಪೊಕ್ಯಾಂಪಸ್ ಬೇಕು. ಎರಡನೆಯದು ಅದಿಲ್ಲದೆಯೂ ಬೆಳೆಯುತ್ತದೆ. ಕನ್ನಡ ನುಡಿ ಈ ಭೇದವನ್ನು ತನ್ನದೇ ರೀತಿಯಲ್ಲಿ ಬಲ್ಲದು. ವಿಷಯ "ತಲೆಗೆ ಹತ್ತಿತು" ಎನ್ನುವ ಜನರೇ ಕೆಲಸ "ಕೈಗೆ ಹತ್ತಿತು" ಎನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಅಂಗಗಳನ್ನು ಸೂಚಿಸುತ್ತಾರೆ. ಕೈಯ ಪಳಗುವಿಕೆಯೂ ನಡೆಯುವುದು ಮಿದುಳಿನಲ್ಲಿಯೇ, ಆದರೆ ಮಿದುಳಿನ ಬೇರೊಂದು ಮನೆಯಲ್ಲಿ.

ಇಲಿ ಹಿಡಿದ ದಾರಿ

ಮನುಷ್ಯನಲ್ಲಿ ಕಂಡುದನ್ನು ಪ್ರಾಣಿಗಳಲ್ಲಿ ದೃಢಪಡಿಸಿಕೊಳ್ಳಲು ಹೊರಟವರಿಗೆ ಮೊದಮೊದಲು ಗೊಂದಲವೇ ಎದುರಾಯಿತು. ಹಿಪೊಕ್ಯಾಂಪಸ್ ತೆಗೆದ ಕೋತಿಗಳೂ ಇಲಿಗಳೂ ಅನೇಕ ಪಾಠಗಳನ್ನು ಸರಾಗವಾಗಿ ಕಲಿಯುತ್ತಿದ್ದವು. ಆ ಪಾಠಗಳಲ್ಲಿ ಹೆಚ್ಚಿನವು ರೂಢಿಯಿಂದ ಕಲಿಯಬಹುದಾದವು ಎಂಬುದು ಅರಿವಿಗೆ ಬರಲು ಸುಮಾರು ಎರಡು ದಶಕಗಳು ಹಿಡಿದವು. ಎರಡು ನೆನಪುಗಳನ್ನು ಒಂದೇ ಪ್ರಾಣಿಯಲ್ಲಿ ಬೇರ್ಪಡಿಸಿ ತೋರಿದ ಪ್ರಯೋಗಗಳಲ್ಲಿ ೧೯೯೬ರಲ್ಲಿ ಮಾರ್ಕ್ ಪ್ಯಾಕರ್ಡ್ ಮತ್ತು ಜೇಮ್ಸ್ ಮೆಕ್‌ಗಾ ಪ್ರಕಟಿಸಿದುದು ಬಹಳ ತಿಳಿಯಾದದ್ದು.

ಅಧಿಕ ಚಿಹ್ನೆಯಂತೆ ನಾಲ್ಕು ದಾರಿಗಳು ಕೂಡುವ ಒಂದು ಪಥದಲ್ಲಿ, ಇಲಿಯನ್ನು ದಿನವೂ ಒಂದೇ ಕಡೆಯಿಂದ ಬಿಡುತ್ತಿದ್ದರು. ಆಹಾರ ದಿನವೂ ಒಂದೇ ಪಕ್ಕದಲ್ಲಿರುತ್ತಿತ್ತು. ಇಲಿ ಅಲ್ಲಿಗೆ ಹೋಗುವುದನ್ನು ಬೇಗ ಕಲಿಯಿತು. ಆದರೆ ಅದು ಕಲಿತದ್ದೇನು? "ಆಹಾರ ಆ ಸ್ಥಳದಲ್ಲಿದೆ" ಎಂಬುದನ್ನೋ, "ಕೂಡುದಾರಿಯಲ್ಲಿ ಇಂಥ ಕಡೆಗೆ ತಿರುಗಬೇಕು" ಎಂಬುದನ್ನೋ? ಇದನ್ನು ತಿಳಿಯಲು ಎಂಟನೆಯ ದಿನ ಇಲಿಯನ್ನು ಎದುರು ದಿಕ್ಕಿನಿಂದ ಬಿಟ್ಟರು. ಸ್ಥಳವನ್ನು ಬಲ್ಲ ಇಲಿ ಈಗ ಹಿಂದಿಗಿಂತ ಬೇರೆ ಕಡೆಗೆ ತಿರುಗಬೇಕು. ತಿರುವನ್ನಷ್ಟೇ ಬಲ್ಲ ಇಲಿ ಹಿಂದಿನಂತೆಯೇ ತಿರುಗಿ ತಪ್ಪು ಜಾಗಕ್ಕೆ ಹೋಗುತ್ತದೆ. ಎಂಟನೆಯ ದಿನ ಹೆಚ್ಚಿನ ಇಲಿಗಳು ಸರಿಯಾದ ಸ್ಥಳಕ್ಕೇ ಹೋದವು. ಪಾಠ ಮುಂದುವರಿದು ಹದಿನಾರನೆಯ ದಿನ ಅದೇ ಪರೀಕ್ಷೆಯನ್ನು ಮಾಡಿದಾಗ ಹೆಚ್ಚಿನವು ಹಿಂದಿನಂತೆಯೇ ತಿರುಗಿದವು. ಎಂಟು ದಿನಗಳಲ್ಲಿ ತಿಳಿವಾಗಿದ್ದುದು ಹದಿನಾರು ದಿನಗಳಲ್ಲಿ ರೂಢಿಯಾಗಿತ್ತು.

ಪ್ರಯೋಗದ ಮರ್ಮ ಇನ್ನೂ ಮುಂದಿದೆ. ಎಂಟನೆಯ ದಿನ ಔಷಧದಿಂದ ಹಿಪೊಕ್ಯಾಂಪಸ್‌ನ ಕೆಲಸವನ್ನು ಸ್ವಲ್ಪ ಹೊತ್ತು ತಡೆದರೆ ಇಲಿ ಯಾವ ಕಡೆಗೆಂದು ನಿರ್ಧರಿಸಲಾರದಾಯಿತು. ಹದಿನಾರನೆಯ ದಿನ ಮಿದುಳಿನ ಬುಡದ ಗಂಟುಗಳಲ್ಲಿ ಒಂದಾದ ಕಾಡೇಟ್ ಎಂಬ ಭಾಗವನ್ನು ಅದೇ ರೀತಿ ತಡೆದರೆ, ರೂಢಿಗೆ ಬಿದ್ದಿದ್ದ ಇಲಿ ಮತ್ತೆ ಸರಿಯಾದ ಸ್ಥಳವನ್ನು ಹುಡುಕಿ ಹೋಯಿತು. ಎಂದರೆ ರೂಢಿ ಬಲಿತಾಗ ತಿಳಿವು ಅಳಿದಿರಲಿಲ್ಲ; ರೂಢಿಯ ಕೆಳಗೆ ಮುಚ್ಚಿಹೋಗಿತ್ತು, ಅಷ್ಟೇ. ತಿಳಿದೂ ತಿಳಿದೂ ಹಳೆಯ ಚಾಳಿಯ ದಾರಿಯನ್ನೇ ಹಿಡಿಯುವ ಮನುಷ್ಯನ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಅದೇ ೧೯೯೬ರಲ್ಲಿ ಬಾರ್ಬರಾ ನೋಲ್ಟನ್, ಲ್ಯಾರಿ ಸ್ಕ್ವೈರ್ ಮತ್ತು ಅವರ ಸಹೋದ್ಯೋಗಿ ಮನುಷ್ಯರಲ್ಲಿಯೂ ಇದನ್ನು ತೋರಿಸಿದರು. ಚಿತ್ರಗಳುಳ್ಳ ಎಲೆಗಳನ್ನು ನೋಡಿ ಮಳೆಯೋ ಬಿಸಿಲೋ ಎಂದು ಊಹಿಸುವ ಒಂದು ಆಟ. ಊಹೆಗೆ ಕಟ್ಟುನಿಟ್ಟಾದ ನಿಯಮವಿಲ್ಲ, ಆಡಿ ಆಡಿಯೇ ಅಂದಾಜು ಕೂಡಬೇಕು. ಹೆನ್ರಿಯಂತೆ ಮರವೆಗೆ ಒಳಗಾದವರು ಈ ಅಂದಾಜನ್ನು ಇತರರಂತೆಯೇ ಕಲಿತರು, ಆಟವಾಡಿದ ಸಂಗತಿ ಮಾತ್ರ ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಬುಡದ ಗಂಟುಗಳಿಗೆ ಧಕ್ಕೆ ತರುವ ಪಾರ್ಕಿನ್‌ಸನ್ ರೋಗವುಳ್ಳವರು ಆಟದ ವಿವರಗಳನ್ನೆಲ್ಲ ನೆನಪಿಟ್ಟಿದ್ದರು, ಅಂದಾಜು ಮಾತ್ರ ಅವರಿಗೆ ಕೂಡಿಬರಲಿಲ್ಲ. ಒಬ್ಬರಲ್ಲಿ ಉಳಿದದ್ದು ಇನ್ನೊಬ್ಬರಲ್ಲಿ ಹೋಗಿತ್ತು.

ನೆನಪು ಬೇರೂರುವ ಬಗೆ

ನೆನಪುಗಳು ಎರಡು ಬಗೆಯಾದರೂ ಅವು ಮಿದುಳಿನಲ್ಲಿ ಅಚ್ಚೊತ್ತುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶವನ್ನು ದಾಟಿಸುವ ಎಡೆಗೆ ಸಿನಾಪ್ಸ್ ಎಂದು ಹೆಸರು. ಕನ್ನಡದಲ್ಲಿ ನರಸಂಧಿ ಎನ್ನಬಹುದು. ಕೂಡಿ ಕೆಲಸಮಾಡುವ ನರಕೋಶಗಳ ನಡುವಣ ಸಂಧಿ ಗಟ್ಟಿಯಾಗುವುದೇ ಕಲಿಕೆ ಎಂದು ಕೆನಡಾದ ಡೊನಾಲ್ಡ್ ಹೆಬ್ ೧೯೪೯ರಲ್ಲಿಯೇ ಊಹಿಸಿದ್ದರು. ಈ ಊಹೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದವರಲ್ಲಿ ಎರಿಕ್ ಕ್ಯಾಂಡೆಲ್ ಅಗ್ರಗಣ್ಯರು.

ಕ್ಯಾಂಡೆಲ್ ಮೊದಲು ಹಿಪೊಕ್ಯಾಂಪಸ್‌ನ ಕೋಶಗಳನ್ನೇ ಅಭ್ಯಸಿಸಿದವರು. ಅದರ ತೊಡಕನ್ನು ಕಂಡು, ಸರಳವಾದ ಪ್ರಾಣಿಯೊಂದನ್ನು ಅರಸಿ ಅಪ್ಲೀಸಿಯ ಎಂಬ ಕಡಲ ಬಸವನಹುಳುವಿನ ಬಳಿಗೆ ಬಂದರು. ಅದರಲ್ಲಿರುವುದು ಸುಮಾರು ೨೦,೦೦೦ ನರಕೋಶಗಳು ಮಾತ್ರ. ಅವುಗಳಲ್ಲಿ ಕೆಲವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ನೀರನ್ನು ಹೊರಹಾಕುವ ಅದರ ನಾಳವನ್ನು ಮೆಲ್ಲನೆ ಮುಟ್ಟಿದರೆ ಅದು ಕಿವಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಪಾಯವಿಲ್ಲದ ಈ ಸ್ಪರ್ಶ ಮತ್ತೆ ಮತ್ತೆ ಆದಾಗ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಪ್ರಾಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ೧೯೭೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂದೇ ಬಾರಿಗೆ ೪೦ ಸಲ ಮುಟ್ಟಿದುದಕ್ಕಿಂತ ದಿನಕ್ಕೆ ೧೦ ಸಲದಂತೆ ನಾಲ್ಕು ದಿನ ಮುಟ್ಟಿದುದರ ಪರಿಣಾಮ ಬಲವಾಗಿ ಉಳಿಯಿತು. ಅದು ವಾರಗಟ್ಟಲೆ ಬಾಳಿತು. ಸ್ಪರ್ಶದ ಎಣಿಕೆ ಒಂದೇ. ನಡುವೆ ಬಿಟ್ಟ ಅಂತರ ಬೇರೆ.

ಕೋಶದೊಳಗೆ ನಡೆಯುವುದೇನೆಂಬುದನ್ನೂ ಕ್ಯಾಂಡೆಲ್ ಮತ್ತು ಅವರ ಸಂಗಡಿಗರು ಬಿಡಿಸಿ ತೋರಿದರು. ಕೆಲವು ನಿಮಿಷ ಉಳಿಯುವ ನೆನಪಿನಲ್ಲಿ, ಇರುವ ಸಂಧಿಯ ಮೂಲಕ ಹರಿಯುವ ರಾಸಾಯನಿಕದ ಪ್ರಮಾಣ ಮಾತ್ರ ಬದಲಾಗುತ್ತದೆ. ದಿನಗಟ್ಟಲೆ ಉಳಿಯುವ ನೆನಪಿಗೆ ಇಷ್ಟು ಸಾಲದು. ಕೋಶದ ಕೇಂದ್ರಕ್ಕೆ ಸೂಚನೆ ಮುಟ್ಟಿ, ಹೊಸ ಪ್ರೋಟೀನುಗಳು ತಯಾರಾಗಿ, ಸಂಧಿಗಳ ಸಂಖ್ಯೆಯೇ ಬದಲಾಗುತ್ತದೆ. ನೋವಿನ ಅನುಭವದಿಂದ ಎಚ್ಚರಗೊಂಡ ಅಪ್ಲೀಸಿಯದಲ್ಲಿ ಸಂಬಂಧಪಟ್ಟ ಸಂಧಿಗಳು ಸುಮಾರು ಇಮ್ಮಡಿಯಾದುದು ಕಂಡುಬಂದಿತು. ಈ ಶೋಧನೆಗಾಗಿ ಅವರಿಗೆ ೨೦೦೦ದಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ಭಾರತೀಯ ತರ್ಕಶಾಸ್ತ್ರ ಸ್ಮೃತಿಯನ್ನು ಸಂಸ್ಕಾರದಿಂದ ಹುಟ್ಟುವ ಜ್ಞಾನವೆಂದು ಕರೆದಿದೆ. ಅನುಭವ ಕಳೆದುಹೋದರೂ ಅದು ಬಿಟ್ಟ ಗುರುತು ಉಳಿಯುತ್ತದೆ ಎಂಬುದು ಅದರ ಆಶಯ. ತಾರ್ಕಿಕರು ಅದನ್ನು ಆತ್ಮದ ಗುಣವೆಂದು ಬಗೆದರು. ಇಂದಿನ ವಿಜ್ಞಾನ ಗುರುತನ್ನು ನರಸಂಧಿಯಲ್ಲಿ ಕಂಡಿದೆ. ಎರಡೂ ಒಂದೇ ಎನ್ನುವುದು ಅವಸರದ ಮಾತಾದೀತು. ಆದರೆ ಒಂದು ದಿನದ ಉತ್ಸಾಹದಲ್ಲಿ ನೂರು ಸಲ ಓದಿದುದು ನಿಲ್ಲದೆ, ದಿನ ಬಿಟ್ಟು ದಿನ ತಿರುವಿದ ಪಾಠ ನಿಲ್ಲುವುದಕ್ಕೆ ಕಾರಣ ಈಗ ಕಾಣುತ್ತಿದೆ. ಸಂಧಿ ಬೆಳೆಯಬೇಕು, ಬೆಳೆಯುವ ವಸ್ತುವಿಗೆ ಕಾಲ ಬೇಕು.

ಅಂಜಿಕೆಯ ಗುರುತು

ತಿಳಿವಿಗೆ ಸಿಲುಕದೆ ಉಳಿಯುವುದು ಕೈಯ ಕುಶಲತೆ ಮಾತ್ರವಲ್ಲ, ಅಂಜಿಕೆಯೂ ಹಾಗೆಯೇ. ಸ್ವಿಟ್ಜರ್ಲೆಂಡಿನ ವೈದ್ಯ ಎಡ್ವಾರ್ಡ್ ಕ್ಲಾಪರೇಡ್ ೧೯೧೧ರಲ್ಲಿ ವರದಿ ಮಾಡಿದ ಪ್ರಸಂಗವೊಂದಿದೆ. ಮರವೆಯ ರೋಗಿಯಾದ ಮಹಿಳೆಯೊಬ್ಬಳಿಗೆ ಅವರು ಪ್ರತಿ ಭೇಟಿಯಲ್ಲಿಯೂ ಅಪರಿಚಿತರೇ. ಒಮ್ಮೆ ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿಯನ್ನು ಅಡಗಿಸಿ ಆಕೆಯ ಕೈ ಹಿಡಿದರು. ಚುಚ್ಚಿದ ನೋವನ್ನು ಆಕೆ ಬೇಗನೆ ಮರೆತಳು. ಆದರೆ ಬಳಿಕ ಅವರು ಕೈ ನೀಡಿದಾಗ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಕೇಳಿದರೆ ಹೇಳಲು ಆಕೆಯಲ್ಲಿ ಕಾರಣವಿರಲಿಲ್ಲ.

ಇಂತಹ ಅಂಜಿಕೆಯ ನೆನಪಿನಲ್ಲಿ ಅಮಿಗ್ಡಲದ ಪಾತ್ರ ಮುಖ್ಯವೆಂದು ಮುಂದೆ ತಿಳಿದುಬಂದಿತು. ಈ ಕುರಿತ ಒಂದು ಗಮನಾರ್ಹ ಶೋಧನೆ ಬೆಂಗಳೂರಿನಲ್ಲಿಯೇ ನಡೆದಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಬಂಧಿಸಿಟ್ಟ ಇಲಿಗಳ ಮಿದುಳನ್ನು ಪರೀಕ್ಷಿಸಿದರು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು; ಅಮಿಗ್ಡಲದ ಕೋಶಗಳ ಕವಲುಗಳು ಹಬ್ಬಿದ್ದವು. ಬಂಧನ ನಿಂತು ೨೧ ದಿನ ಕಳೆದರೂ ಅಮಿಗ್ಡಲದ ಬೆಳವಣಿಗೆ ಹಿಂದಿರುಗಲಿಲ್ಲವೆಂದು ಅವರ ಮುಂದಿನ ಅಧ್ಯಯನ ತಿಳಿಸಿತು. ಸಂಕಟ ಕಳೆದ ಮೇಲೂ ಅಂಜಿಕೆ ಉಳಿಯುವುದಕ್ಕೆ ದೇಹದಲ್ಲಿ ಇಂತಹ ಗುರುತುಂಟು. "ಆದದ್ದಾಯಿತು, ಮರೆತುಬಿಡು" ಎಂಬ ಬುದ್ಧಿವಾದವನ್ನು ತಲೆ ಒಪ್ಪಿದರೂ ಮೈ ಒಪ್ಪದಿರುವುದು ಹಟಮಾರಿತನವಲ್ಲ.

ಉಳಿದ ಮನುಷ್ಯ

ಹೆನ್ರಿ ಮೊಲೈಸನ್ ೨೦೦೮ರ ಡಿಸೆಂಬರ್ ೨ರಂದು, ೮೨ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್‌ನ ಶುಶ್ರೂಷಾಲಯವೊಂದರಲ್ಲಿ ತೀರಿಕೊಂಡ. ಆ ಮೇಲೆಯೇ ಆತನ ಪೂರ್ಣ ಹೆಸರು ಜಗತ್ತಿಗೆ ತಿಳಿಯಿತು. ಮಿಲ್ನರ್ ಅವರ ಶಿಷ್ಯೆ ಸುಜಾನ್ ಕಾರ್ಕಿನ್ ೧೯೬೨ರಿಂದ ಕೊನೆಯವರೆಗೂ ಆತನನ್ನು ಅಭ್ಯಸಿಸಿದರು. ಆಕೆ ಯಾರೆಂದು ಆತನಿಗೆ ಎಂದೂ ತಿಳಿಯಲಿಲ್ಲ. ಆದರೆ ಮುಖ ಪರಿಚಿತವೆನಿಸಿ, ತನ್ನ ಶಾಲೆಯ ಗೆಳತಿಯಿರಬಹುದೆಂದು ಭಾವಿಸುತ್ತಿದ್ದ. ಶಸ್ತ್ರಕ್ರಿಯೆಯ ಬಳಿಕ ಹಲವು ವರ್ಷ ವಾಸವಾಗಿದ್ದ ಮನೆಯ ನಕ್ಷೆಯನ್ನೂ ಆತ ಬರೆಯಬಲ್ಲವನಾಗಿದ್ದ. ಹೀಗೆ ಅತಿ ನಿಧಾನವಾಗಿ ಕೆಲವು ಗುರುತುಗಳು ಒಳಸೇರಿದ್ದವು. ಮರಣಾನಂತರ ಆತನ ಮಿದುಳನ್ನು ೨,೪೦೧ ತೆಳುಪದರಗಳಾಗಿ ಸೀಳಿ ಚಿತ್ರಿಸಲಾಯಿತು. ಹಿಪೊಕ್ಯಾಂಪಸ್‌ನ ಹಿಂಭಾಗದಲ್ಲಿ ಗಣನೀಯವಾದಷ್ಟು ಉಳಿದಿತ್ತೆಂದು ೨೦೧೪ರಲ್ಲಿ ಪ್ರಕಟವಾದ ವರದಿ ತಿಳಿಸಿತು.

ಇಷ್ಟು ಜ್ಞಾನವನ್ನು ಕೊಟ್ಟ ಈ ಬಾಳು ಒಂದು ಪ್ರಶ್ನೆಯನ್ನೂ ಬಿಟ್ಟುಹೋಗಿದೆ. ಕೆಲಸವೇನೆಂದು ಅರಿಯದ ಭಾಗವೊಂದನ್ನು ಮನುಷ್ಯನ ಮಿದುಳಿನಿಂದ ತೆಗೆದುದು ಸರಿಯೇ? ಒಪ್ಪಿಕೊಂಡದ್ದನ್ನೇ ಮರುಗಳಿಗೆಯಲ್ಲಿ ಮರೆಯುವವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಬಹುದೇ? ಈ ಕುರಿತ ವಾದಗಳು ಆತನ ಮರಣದ ಬಳಿಕವೂ ನಡೆದಿವೆ. ಆತ ಮಾತ್ರ ತನ್ನಿಂದ ಇತರರಿಗೆ ಉಪಯೋಗವಾದರೆ ಸಾಕೆಂಬ ಭಾವವನ್ನು ವ್ಯಕ್ತಪಡಿಸುತ್ತಿದ್ದನೆಂದು ಬಲ್ಲವರು ದಾಖಲಿಸಿದ್ದಾರೆ. ಐವತ್ತೈದು ವರ್ಷಗಳ ನೆನಪು ಇಲ್ಲದವನಲ್ಲಿ ಸೌಜನ್ಯ ಕೆಡದೆ ಉಳಿದಿತ್ತು. ಮನುಷ್ಯನೆಂದರೆ ಆತನ ನೆನಪುಗಳ ಮೊತ್ತವೇ ಎಂದು ವಾದಿಸುವವರು ಈ ಸಂಗತಿಯನ್ನು ಗಣಿಸಬೇಕಾಗುತ್ತದೆ. ಬಾಲ್ಯದಿಂದ ರೂಢಿಯಾಗಿ ಬಂದ ನಡೆನುಡಿ, ಬಾಳಿನ ಕಥೆ ಕೈತಪ್ಪಿದ ಮೇಲೂ ಮನುಷ್ಯನನ್ನು ಮನುಷ್ಯನಾಗಿ ಹಿಡಿದು ನಿಲ್ಲಿಸಬಲ್ಲುದು.

ಈ ಶೋಧನೆಗಳಿಂದ ದೊರೆಯುವ ತಿಳಿವಳಿಕೆ ಎರಡು ಕಡೆಗೆ ಬೆಳಕು ಚೆಲ್ಲುತ್ತದೆ. ಒಂದು, ಒಳ್ಳೆಯದನ್ನು ಅರಿತ ಮಾತ್ರಕ್ಕೆ ಅದು ನಡೆಯಾಗುವುದಿಲ್ಲ. ಅರಿವು ಒಂದು ಕೇಳಿಕೆಯಿಂದ ಬರಬಹುದು; ನಡೆ ಬರುವುದು ಬಿಡುವು ಬಿಟ್ಟು ಮಾಡಿದ ಮರುಮರು ಆವೃತ್ತಿಯಿಂದ, ಕಾಲದಿಂದ. "ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ" ಎಂಬ ಗಾದೆಯಲ್ಲಿ ಈ ನಿಯಮದ ಎರಡು ಮುಖಗಳೂ ಇವೆ. ಆವ್ಯತ್ತಿಗೆ ಒಳಿತು ಕೆಡುಕುಗಳ ಭೇದವಿಲ್ಲ, ಎರಡನ್ನೂ ಅದು ಒಂದೇ ನಿಷ್ಠೆಯಿಂದ ಬೇರೂರಿಸುತ್ತದೆ. ಇನ್ನೊಂದು, ಲೇಖನದ ಮೊದಲಲ್ಲಿ ಕಂಡ ಮನೆಗೆ ಸಂಬಂಧಿಸಿದ್ದು. ಮುಪ್ಪಿನ ಮರವೆಗಳಲ್ಲಿ ಮುಖ್ಯವಾದ ಆಲ್ಜೈಮರ್ ರೋಗ ಬಹುಮಟ್ಟಿಗೆ ಮೊದಲು ಹಿಡಿಯುವುದು ಹಿಪೊಕ್ಯಾಂಪಸ್ ಮತ್ತು ಅದರ ನೆರೆಯನ್ನು; ರೂಢಿಯ ನೆಲೆಗಳು ಸಾಮಾನ್ಯವಾಗಿ ಹೆಚ್ಚು ಕಾಲ ಉಳಿಯುತ್ತವೆ. ಮಗನನ್ನು ಮರೆತ ತಾಯಿ ಬತ್ತಿ ಹೊಸೆಯುವುದರಲ್ಲಿ ಕಪಟವಿಲ್ಲ. ಒಂದು ಮನೆಯ ದೀಪ ಆರಿದೆ, ಇನ್ನೊಂದು ಮನೆಯಲ್ಲಿ ಉರಿಯುತ್ತಿದೆ. ಆ ಬುಟ್ಟಿಯನ್ನು ಆಕೆಯ ಮುಂದಿರಿಸಿ, ಹೆಸರು ಕೇಳಿ ಕಾಡದೆ, ಜೊತೆಯಲ್ಲಿ ಕುಳಿತು ತಾನೂ ಒಂದೆರಡು ಬತ್ತಿ ಹೊಸೆಯುವ ಮಗನಿಗೆ, ತಾಯಿಯಲ್ಲಿ ಇನ್ನೂ ಉಳಿದಿರುವುದು ಎಷ್ಟೆಂಬುದು ಕಾಣುತ್ತದೆ.